ಪಾಸಮ್ ತಿಂದ ಮರವನ್ನು ಓದುವುದು, ಆಮೇಲೆ ಮಾಡಬೇಕಾದ ಕೆಲಸ

ಆಸ್ಟ್ರೇಲಿಯಾದಲ್ಲಿ ಪಾಸಮ್ ಎಂಬ, ಮರದ ಮೇಲೆ ಬದುಕುವ ಹೊಟ್ಟೆಚೀಲದ ಪ್ರಾಣಿಯನ್ನು ಪರವಾನಗಿಯಿಲ್ಲದೆ ಕೊಂದರೆ ಅಪರಾಧ. ಅದೇ ಪ್ರಾಣಿಯನ್ನು ನ್ಯೂಜಿಲೆಂಡಿನಲ್ಲಿ ಹಿಡಿದು ಬೇರೆ ಕಡೆ ಜೀವಂತ ಬಿಟ್ಟರೆ ಅದು ಅಪರಾಧ. ಎರಡು ದೇಶಗಳ ನಡುವೆ ಇರುವುದು ಒಂದು ಸಮುದ್ರ ಅಷ್ಟೇ, ಪ್ರಾಣಿಯ ಹಲ್ಲು, ಹೊಟ್ಟೆ, ಅಭ್ಯಾಸ ಎಲ್ಲವೂ ಒಂದೇ. ಹೀಗಾಗಿ "ಪಾಸಮ್ ಕಾಟಕ್ಕೆ ಏನು ಮಾಡಬೇಕು" ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನೀವು ನಿಂತಿರುವುದು ಯಾವ ನೆಲದಲ್ಲಿ, ತಿಂದದ್ದು ನಿಜಕ್ಕೂ ಪಾಸಮ್ಮೇನಾ, ತಿಂದದ್ದು ಯಾವ ಮರವನ್ನು – ಈ ಮೂರನ್ನು ಇತ್ಯರ್ಥ ಮಾಡಿಕೊಳ್ಳದೆ ಬೋನು ತರಲು ಹೊರಡಬೇಡಿ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಅಮೆರಿಕ ಖಂಡದಲ್ಲಿ ಸತ್ತಂತೆ ನಟಿಸುವ, ಬೋಳು ಬಾಲದ, ಐವತ್ತು ಹಲ್ಲಿನ ಪ್ರಾಣಿ ಒಪಾಸಮ್. ಅದೂ ಹೊಟ್ಟೆಚೀಲದ ಪ್ರಾಣಿಯೇ, ಆದರೆ ಬಹಳ ದೂರದ ನೆಂಟ. ಅದರ ಹೆಸರನ್ನೇ ಯುರೋಪಿನ ನಾವಿಕರು ಆಸ್ಟ್ರೇಲಿಯಾದ ಪ್ರಾಣಿಗೂ ಅಂಟಿಸಿದರು. ಒಪಾಸಮ್ಮಿನ ಬಗ್ಗೆ ಓದಿದ ಸಲಹೆಗಳನ್ನು ಇಲ್ಲಿ ಪ್ರಯೋಗಿಸಿದರೆ ಕೆಲಸ ಕೆಡುತ್ತದೆ.

ಯಾವ ಪಾಸಮ್?

ಊರು ಮನೆಗಳ ಸುತ್ತ ಕಾಣಸಿಗುವುದು ಮುಖ್ಯವಾಗಿ ಎರಡು. ಬ್ರಷ್‌ಟೇಲ್ ಪಾಸಮ್ ದೊಡ್ಡ ಬೆಕ್ಕಿನ ಗಾತ್ರದ್ದು, ಸುಮಾರು 1.2ರಿಂದ 4.5 ಕಿಲೋ ತೂಗುತ್ತದೆ. ದೊಡ್ಡ ಮೊನಚು ಕಿವಿ, ಪೊದೆಯಂಥ ಕಪ್ಪು ಬಾಲ. ರಿಂಗ್‌ಟೇಲ್ ಪಾಸಮ್ ಚಿಕ್ಕದು, ಒಂದು ಕಿಲೋದ ಆಸುಪಾಸು. ಗುಂಡಗಿನ ಸಣ್ಣ ಕಿವಿ, ತೆಳ್ಳನೆಯ ಬಾಲದ ತುದಿ ಬಿಳಿ. ಆ ಬಾಲವನ್ನು ಅದು ಐದನೇ ಕೈಯಂತೆ ಕೊಂಬೆಗೆ ಸುತ್ತುತ್ತದೆ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಬ್ರಷ್‌ಟೇಲ್ ಮರದ ಪೊಟರೆಯಲ್ಲಿ ಮಲಗುವ ಪ್ರಾಣಿ. ಪೊಟರೆ ಸಿಗದಿದ್ದರೆ ನಿಮ್ಮ ಮನೆಯ ಛಾವಣಿಯ ಕೆಳಗೆ ಬರುತ್ತದೆ. ರಿಂಗ್‌ಟೇಲ್ ಕಡ್ಡಿ, ತೊಗಟೆ ಸೇರಿಸಿ ಪೊದೆಯಲ್ಲಿ ಚೆಂಡಿನಂಥ ಗೂಡು ಕಟ್ಟಿಕೊಳ್ಳುತ್ತದೆ, ಛಾವಣಿಗೆ ಬರುವುದು ಕಡಿಮೆ. ರಾತ್ರಿ ಅಟ್ಟದ ಮೇಲೆ ಮನುಷ್ಯ ನಡೆದಂತೆ ದಪದಪ ಸದ್ದು, ಜೊತೆಗೆ ಗಂಟಲಿನಿಂದ ಕೆಮ್ಮಿದಂಥ, ಬುಸುಗುಟ್ಟಿದಂಥ ಕೂಗು ಕೇಳಿದರೆ ಅದು ಬ್ರಷ್‌ಟೇಲ್. ಹಗುರವಾದ ಪರಪರ ಓಟ ಕೇಳಿದರೆ ಇಲಿ. ನ್ಯೂಜಿಲೆಂಡಿನಲ್ಲಿ ಈ ಗೊಂದಲವಿಲ್ಲ, ಅಲ್ಲಿ ಇರುವುದು ಬ್ರಷ್‌ಟೇಲ್ ಒಂದೇ.

ಏನು ತಿನ್ನುತ್ತದೆ, ಒಂದೇ ಮರ ಯಾಕೆ ಸಾಯುತ್ತದೆ

ಪಾಸಮ್ ಎಲೆ ತಿನ್ನುವ ಪ್ರಾಣಿ ಎಂದು ಹೇಳಿ ಮುಗಿಸುವುದುಂಟು. ಅರ್ಧ ಸತ್ಯ. ಬ್ರಷ್‌ಟೇಲ್‌ಗೆ ಎಲೆ ಹೊಟ್ಟೆ ತುಂಬಿಸುವ ಆಹಾರ, ಆದರೆ ಅದು ಹುಡುಕಿಕೊಂಡು ಹೋಗುವುದು ಕುಡಿ, ಮೊಗ್ಗು, ಹೂವು, ಹಣ್ಣು, ಪರಾಗಗಳನ್ನು. ಹುಳು, ಬಸವನಹುಳು, ಮೊಟ್ಟೆ, ಗೂಡಿನಲ್ಲಿರುವ ಹಕ್ಕಿಮರಿಗಳನ್ನೂ ಬಿಡುವುದಿಲ್ಲ. ಎಲೆಯ ನಾರು ದೊಡ್ಡದಾದ ಕುರುಡುಕರುಳಿನಲ್ಲಿ ಸೂಕ್ಷ್ಮಜೀವಿಗಳಿಂದ ಹುದುಗಿ ಜೀರ್ಣವಾಗುತ್ತದೆ. ರಿಂಗ್‌ಟೇಲ್ ಇನ್ನೂ ಒಂದು ಹೆಜ್ಜೆ ಮುಂದೆ: ಹಗಲು ಗೂಡಿನಲ್ಲಿ ಕೂತು ತನ್ನದೇ ಮೃದುವಾದ ಹಿಕ್ಕೆಯನ್ನು ಮತ್ತೆ ತಿಂದು ಎರಡನೇ ಸಲ ಸಾರ ಹೀರಿಕೊಳ್ಳುತ್ತದೆ.

ಆಸ್ಟ್ರೇಲಿಯಾದ ನೀಲಗಿರಿ ಮರಗಳ ಎಲೆಯಲ್ಲಿ ವಿಷವಿದೆ. ಬ್ರಷ್‌ಟೇಲಿನ ಯಕೃತ್ತು ಒಂದು ಬಗೆಯ ವಿಷವನ್ನು ಒಂದು ರಾತ್ರಿಗೆ ಇಂತಿಷ್ಟೇ ಎಂದು ಅರಗಿಸಬಲ್ಲದು. ಆ ಮಿತಿ ಮುಟ್ಟಿದ ಕೂಡಲೇ ಅದು ಆ ಮರ ಬಿಟ್ಟು ಬೇರೆ ಜಾತಿಯ ಮರಕ್ಕೆ ಹೋಗಲೇಬೇಕು. ಅಂದರೆ ಮರ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ, ಮೇವು ಹತ್ತು ಮರಗಳಿಗೆ ಹಂಚಿಹೋಗುತ್ತದೆ. ಜೊತೆಗೆ ಪವರ್‌ಫುಲ್ ಔಲ್ ಎಂಬ ದೊಡ್ಡ ಗೂಬೆ, ಕಾರ್ಪೆಟ್ ಹೆಬ್ಬಾವು, ಡಿಂಗೊ ಇವೆಲ್ಲ ಪಾಸಮ್ಮಿನ ಸಂಖ್ಯೆಯನ್ನು ಹದ್ದುಬಸ್ತಿನಲ್ಲಿಡುತ್ತವೆ.

ನ್ಯೂಜಿಲೆಂಡಿನ ಮರಗಳಿಗೆ ಎಲೆ ತಿನ್ನುವ ಸಸ್ತನಿಯ ಪರಿಚಯವೇ ಇರಲಿಲ್ಲ. ಬಾವಲಿಗಳನ್ನು ಬಿಟ್ಟರೆ ಆ ನೆಲದಲ್ಲಿ ಸ್ಥಳೀಯ ನೆಲಸಸ್ತನಿಗಳಿಲ್ಲ. ತುಪ್ಪಳದ ವ್ಯಾಪಾರಕ್ಕೆಂದು 1837ರಲ್ಲಿ ಮೊದಲ ಸಲ ಪಾಸಮ್‌ಗಳನ್ನು ತಂದು ಬಿಟ್ಟರು, 1858ರ ಹೊತ್ತಿಗೆ ಅವು ಬೇರೂರಿದವು. ರಾತಾ, ಕಾಮಹಿ, ಪೊಹುಟುಕಾವಾ ಮರಗಳ ಎಲೆಯಲ್ಲಿ ಅವನ್ನು ತಡೆಯುವ ವಿಷ ಇಲ್ಲ. ಆದ್ದರಿಂದ ರುಚಿ ಹತ್ತಿದ ಒಂದು ಮರಕ್ಕೆ ರಾತ್ರಿಯಾದರೆ ಬಂದು, ಅದೇ ಕೊಂಬೆಯ ಅದೇ ಕುಡಿಯನ್ನು ಮತ್ತೆ ಮತ್ತೆ ಮೇಯುತ್ತವೆ. ಮರ ಕೂಡಿಟ್ಟ ಶಕ್ತಿಯಿಂದ ಚಿಗುರುತ್ತದೆ, ಚಿಗುರಿದ್ದು ಮತ್ತೆ ಹೋಗುತ್ತದೆ. ಕೆಲವೇ ವರ್ಷಗಳಲ್ಲಿ ನೆತ್ತಿ ಬೋಳಾಗಿ ಮರ ಒಣಗುತ್ತದೆ. ಪಕ್ಕದಲ್ಲೇ ಇರುವ ಅದೇ ಜಾತಿಯ ಮರ ಹಸಿರಾಗಿ ನಿಂತಿರುವುದೂ ಉಂಟು. ಹೀಗಾಗಿ ರೋಗ ಅಥವಾ ಬರ ಎಂದು ತಪ್ಪು ತಿಳಿಯುವವರು ಬಹಳ.

ಸಾಂದ್ರತೆಯಲ್ಲೂ ಈ ಅಂತರ ಕಾಣುತ್ತದೆ. ಆಸ್ಟ್ರೇಲಿಯಾದ ಕಾಡಿನಲ್ಲಿ ಒಂದು ಹೆಕ್ಟೇರಿಗೆ ಒಂದೆರಡು ಸಿಕ್ಕರೆ ಹೆಚ್ಚು. ನ್ಯೂಜಿಲೆಂಡಿನ ಒಳ್ಳೆಯ ಕಾಡಿನಲ್ಲಿ ಹೆಕ್ಟೇರಿಗೆ 10ಕ್ಕೂ ಹೆಚ್ಚು ಇರುವುದುಂಟು.

ಗುರುತು ಓದುವ ಬಗೆ

ಹಗಲಿನಲ್ಲಿ ಮರದ ಕೆಳಗೆ ನಿಂತು ಮೇಲೆ ನೋಡಿ. ಮೇಲ್ತುದಿಯ ಕೊಂಬೆಗಳಷ್ಟೇ ಬೋಳಾಗಿ, ಕೆಳಗಿನ ಎಲೆ ಉಳಿದಿದ್ದರೆ ಪಾಸಮ್ಮಿನ ಮೇಲೆ ಅನುಮಾನ ಪಡಬಹುದು. ಜಿಂಕೆ, ಮೇಕೆ ತಿಂದರೆ ಇದು ತಿರುವುಮುರುವು: ಅವುಗಳ ಬಾಯಿಗೆ ಎಟಕುವಷ್ಟು ಎತ್ತರಕ್ಕೆ ಗೆರೆ ಕೊಯ್ದಂತೆ ಕೆಳಭಾಗ ಖಾಲಿ. ಎಲೆಯೊಂದನ್ನು ಕೈಗೆತ್ತಿಕೊಳ್ಳಿ. ಪಾಸಮ್ ಅಡ್ಡಡ್ಡ ಹರಿದು ತಿನ್ನುತ್ತದೆ, ಅಂಚು ಚಿಂದಿಯಾಗಿರುತ್ತದೆ, ತೊಟ್ಟು ಮತ್ತು ನಡುನರದ ಬುಡ ಉಳಿಯುತ್ತದೆ. ಕಂಬಳಿಹುಳು ತಿಂದದ್ದಾದರೆ ತೂತು, ನುಣುಪಾದ ಕಮಾನಿನಂಥ ಕಚ್ಚು.

ಕಾಂಡವನ್ನು ಗಮನಿಸಿ. ದಿನಾ ಹತ್ತಿ ಇಳಿಯುವ ಮರದ ತೊಗಟೆಯ ಮೇಲೆ ಉಗುರಿನ ಗೀರುಗಳು ದಟ್ಟವಾಗಿ, ಪಾಚಿ ಸವೆದು ದಾರಿಯೇ ಬಿದ್ದಿರುತ್ತದೆ. ಹಿಕ್ಕೆ ಒಂದರಿಂದ ಮೂರು ಸೆಂಟಿಮೀಟರ್ ಉದ್ದ, ಕಡುಬಣ್ಣ, ತುಸು ಬಾಗಿದ ಆಕಾರ. ಮೊಲದ ಹಿಕ್ಕೆ ಗುಂಡಗೆ ಇರುತ್ತದೆ, ಗೊಂದಲಕ್ಕೆ ಎಡೆಯಿಲ್ಲ.

ಒಂದು ಮಾತು: ಕಾಡು ಹಸಿರಾಗಿದೆ ಎಂದರೆ ಪಾಸಮ್ ಇಲ್ಲ ಎಂದಲ್ಲ. ನ್ಯೂಜಿಲೆಂಡಿನಲ್ಲಿ ಬೀಚ್ ಎಂಬ ಜಾತಿಯ ಮರಗಳ ಕಾಡಿನಲ್ಲಿ ಮುಖ್ಯ ಮರಗಳ ಎಲೆ ಪಾಸಮ್ಮಿಗೆ ಅಷ್ಟೇನೂ ಹಿಡಿಸುವುದಿಲ್ಲ, ದೂರದಿಂದ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಮರಗಳ ಮೇಲೆ ಬೆಳೆಯುವ ಬಂದಳಿಕೆ ಮೊದಲು ಮಾಯವಾಗುತ್ತದೆ. ನೋಡಬೇಕಾದ್ದು ಬಂದಳಿಕೆಯನ್ನು, ಕೊಟುಕುಟುಕು ಎಂಬ ಫ್ಯೂಷಿಯಾ ಮರವನ್ನು, ರಾತಾವನ್ನು.

ಖಚಿತವಾಗಿ ತಿಳಿಯಲು ಅಗಿಯುವ ಕಾರ್ಡು ಕಟ್ಟಿ. ಪೊಳ್ಳು ಪದರದ 3 ಮಿಲಿಮೀಟರ್ ದಪ್ಪದ ಬಿಳಿ ಪ್ಲಾಸ್ಟಿಕ್ ಹಾಳೆಯನ್ನು 9×18 ಸೆಂಟಿಮೀಟರಿಗೆ ಕತ್ತರಿಸಿ, ಅಂಚಿನ ಕೊಳವೆಗಳೊಳಗೆ ಕಡಲೆಕಾಯಿ ಬೆಣ್ಣೆಯನ್ನು ಒತ್ತಿ ತುಂಬಿ. ನಡುವೆ ಮಡಚಿ, ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿ ಮೊಳೆ ಹೊಡೆಯಿರಿ. 20 ಮೀಟರಿಗೊಂದರಂತೆ ಸಾಲಾಗಿ ಹತ್ತು ಕಾರ್ಡು, ಏಳು ರಾತ್ರಿ ಸಾಕು. ಇಲಿಯದು ಕಿರಿದಾದ ಜೋಡಿ ಗೀರು, ಅಂಚಿನಿಂದ ಒಳಕ್ಕೆ ಚೊಕ್ಕವಾಗಿ ಕೊರೆದಿರುತ್ತದೆ. ಪಾಸಮ್ಮಿನದು ಅಗಲವಾದ ಹಲ್ಲು, ದವಡೆಯಲ್ಲಿಟ್ಟು ಹಿಂಡಿ ಚಪ್ಪಟೆ ಮಾಡಿರುತ್ತದೆ. ಬೆಣ್ಣೆಯನ್ನು ಕಾರ್ಡಿನ ಮೇಲ್ಮೈಗೆ ಬಳಿಯುವುದು ಸಾಮಾನ್ಯ ತಪ್ಪು: ನೆಕ್ಕಿ ಹೋಗುತ್ತದೆ, ಕಚ್ಚುವುದಿಲ್ಲ, ನಿಮಗೆ ಗುರುತೇ ಸಿಗುವುದಿಲ್ಲ. ಮೊದಲ ರಾತ್ರಿಯೇ ಇಲಿಗಳು ಬೆಣ್ಣೆಯನ್ನೆಲ್ಲ ಖಾಲಿ ಮಾಡಿದರೂ ಪಾಸಮ್ಮಿನ ಲೆಕ್ಕ ತಪ್ಪುತ್ತದೆ.

ಆಸ್ಟ್ರೇಲಿಯಾದಲ್ಲಿ: ಅಟ್ಟದಿಂದ ಹೊರಡಿಸುವುದು

ಹಿಡಿದು ದೂರದ ಕಾಡಿಗೆ ಬಿಟ್ಟುಬರುವ ಆಲೋಚನೆಯನ್ನು ಕೈಬಿಡಿ. ಕಾನೂನು ಒಪ್ಪುವುದಿಲ್ಲ. ವಿಕ್ಟೋರಿಯಾದಲ್ಲಿ ಹಿಡಿದ ಪಾಸಮ್ಮನ್ನು ಅದೇ ಜಾಗದ ಆವರಣದಲ್ಲಿ, ಹಿಡಿದ ಕಡೆಯಿಂದ 50 ಮೀಟರಿನೊಳಗೇ ಬಿಡಬೇಕು. ನ್ಯೂ ಸೌತ್ ವೇಲ್ಸ್‌ನಲ್ಲಿ ಹಿಡಿಯಲು ಪರವಾನಗಿ ಬೇಕು, ಬಿಡುವುದು 150 ಮೀಟರಿನೊಳಗೆ. ಕಾನೂನಿನ ಮಾತು ಬದಿಗಿಟ್ಟರೂ, ಹೊಸ ಜಾಗದಲ್ಲಿ ಪೊಟರೆಗಳೆಲ್ಲ ಬೇರೆ ಪಾಸಮ್‌ಗಳ ವಶದಲ್ಲಿರುತ್ತವೆ. ಬಿಟ್ಟ ಪ್ರಾಣಿ ನೆಲದಲ್ಲಿ ಅಲೆದು ನರಿಯ ಬಾಯಿಗೆ ಬೀಳುತ್ತದೆ. ಇತ್ತ ನಿಮ್ಮ ಅಟ್ಟ ಖಾಲಿಯಾದ ವಾಸನೆ ಹಿಡಿದು ಇನ್ನೊಂದು ಬರುತ್ತದೆ. ಅದಕ್ಕಿಂತ, ಇರುವ ಪಾಸಮ್ಮನ್ನು ಹತ್ತಿರದಲ್ಲೇ ಉಳಿಸಿಕೊಂಡು ಮನೆಯ ಬಾಗಿಲು ಮುಚ್ಚುವುದು ಜಾಣತನ. ತನ್ನ ಜಾಗಕ್ಕೆ ಅದು ಬೇರೆಯವರನ್ನು ಸುಲಭಕ್ಕೆ ಬಿಡುವುದಿಲ್ಲ.

ಕೆಲಸದ ಕ್ರಮ ಹೀಗಿರಲಿ.

1. ಮೊದಲು ಬದಲಿ ಮನೆ. 19 ಮಿಲಿಮೀಟರ್ ದಪ್ಪದ, ರಾಸಾಯನಿಕ ಹಚ್ಚದ ಹಲಗೆಯಲ್ಲಿ ಗೂಡುಪೆಟ್ಟಿಗೆ ಮಾಡಿ. ಬ್ರಷ್‌ಟೇಲಿಗೆ ಬಾಯಿ ಸುಮಾರು 10–12 ಸೆಂಟಿಮೀಟರ್, ರಿಂಗ್‌ಟೇಲಿಗೆ ಸುಮಾರು 8. ತಳಕ್ಕೆ ನೀರಿಳಿಯುವ ಸಣ್ಣ ತೂತು, ಒಳಗೋಡೆಗೆ ಉಗುರು ಹಿಡಿಯುವಂತೆ ಗೀರು. ನಾಲ್ಕು ಮೀಟರಿಗಿಂತ ಮೇಲೆ, ಮಧ್ಯಾಹ್ನದ ಬಿಸಿಲು ತಾಗದ ಕಡೆ ಕಟ್ಟಿ. ಅಟ್ಟದಲ್ಲಿ ಅದು ಮಲಗುತ್ತಿದ್ದ ಹಾಸನ್ನು ಸ್ವಲ್ಪ ಒಳಗಿಟ್ಟರೆ ಬೇಗ ಒಗ್ಗುತ್ತದೆ.

2. ಬಾಗಿಲು ಹುಡುಕಿ. ಮುಸ್ಸಂಜೆ ಹೊರಗೆ ನಿಂತು ಸೂರಿನ ಅಂಚು, ಸರಿದ ಹೆಂಚು, ಗಾಳಿಕಿಂಡಿಗಳನ್ನು ಗಮನಿಸಿ. ಕತ್ತಲಾದ ಅರ್ಧ ಗಂಟೆಯ ಆಸುಪಾಸಿನಲ್ಲಿ ಅದು ಹೊರಬೀಳುತ್ತದೆ. ಬಳಸುವ ಬಾಗಿಲ ಅಂಚಿನಲ್ಲಿ ಜಿಡ್ಡಿನ ಕಂದು ಕಲೆ, ಕೂದಲು ಸಿಗುತ್ತವೆ.

3. ಉಳಿದ ಕಿಂಡಿಗಳನ್ನೆಲ್ಲ ಮುಚ್ಚಿ. ಗಟ್ಟಿ ಹಲಗೆ, ತಗಡು ಅಥವಾ ವೆಲ್ಡ್ ಮಾಡಿದ ಜಾಲರಿ ಬಳಸಿ. ತೆಳು ಕೋಳಿಜಾಲರಿಯನ್ನು ಕಿತ್ತು ಒಳಗೆ ನುಗ್ಗುತ್ತದೆ.

4. ಎರಡು ಮೂರು ದಿನ ಅಟ್ಟದಲ್ಲಿ ದೀಪ ಉರಿಸಿ. ಹಗಲು ಕತ್ತಲಿಲ್ಲದ ಜಾಗ ಅದಕ್ಕೆ ಹಿಡಿಸುವುದಿಲ್ಲ. ಬಿಸಿಯಾಗುವ ಹಳೆಯ ಬಲ್ಬು ಬೇಡ, ಛಾವಣಿಯ ಉಷ್ಣನಿರೋಧಕಕ್ಕೆ ಬೆಂಕಿ ಹತ್ತೀತು. ಎಲ್‌ಇಡಿ ಸಾಕು.

5. ಕೊನೆಯ ಬಾಗಿಲನ್ನು ಮುಚ್ಚುವುದು ರಾತ್ರಿ, ಅದು ಹೊರಗೆ ಹೋದ ಮೇಲೆ. ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯದ ಜೋತುಬಿಟ್ಟ ಫಲಕ ಕಟ್ಟಿದರೆ ಇನ್ನೂ ಒಳ್ಳೆಯದು. ಖಾಲಿ ಆಗಿದೆಯೇ ಎಂದು ಪರೀಕ್ಷಿಸಲು ಸುಲಭ ಉಪಾಯ: ಕಿಂಡಿಗೆ ಮುದ್ದೆ ಮಾಡಿದ ಪತ್ರಿಕೆ ತುರುಕಿ. ಮೂರು ನಾಲ್ಕು ರಾತ್ರಿ ಅದು ಅಲುಗದಿದ್ದರೆ ಒಳಗೆ ಯಾರೂ ಇಲ್ಲ.

ಎಡವಟ್ಟಾಗುವುದು ಮರಿಯ ವಿಷಯದಲ್ಲಿ. ಬ್ರಷ್‌ಟೇಲಿನ ಗರ್ಭಕಾಲ 17–18 ದಿನ ಮಾತ್ರ, ಹುಟ್ಟುವುದು ಸಾಮಾನ್ಯವಾಗಿ ಒಂದೇ ಮರಿ. ನಾಲ್ಕೈದು ತಿಂಗಳು ತಾಯಿಯ ಚೀಲದಲ್ಲಿ, ಆಮೇಲೆ ಒಂದೆರಡು ತಿಂಗಳು ಬೆನ್ನ ಮೇಲೆ. ಚೀಲದಲ್ಲಿದ್ದಾಗ ತೊಂದರೆಯಿಲ್ಲ, ತಾಯಿ ಹೋದಲ್ಲಿ ಮರಿಯೂ ಹೋಗುತ್ತದೆ. ಚೀಲ ಬಿಟ್ಟ ಮೇಲೆ ಮರಿಯನ್ನು ಒಳಗೇ ಬಿಟ್ಟು ಮೇಯಲು ಹೋಗುವುದುಂಟು. ಆಗ ಬಾಗಿಲು ಮುಚ್ಚಿದರೆ ಒಳಗೆ ಮರಿ ಸಾಯುತ್ತದೆ, ಹೊರಗಿನ ತಾಯಿ ಹೆಂಚು ಕಿತ್ತು ಹಾಕುತ್ತದೆ. ಮುಖ್ಯ ಮರಿಕಾಲ ಮಾರ್ಚಿಯಿಂದ ಮೇ, ಸ್ವಲ್ಪ ಮಟ್ಟಿಗೆ ಸೆಪ್ಟೆಂಬರ್ ಸುತ್ತ. ಇದರಿಂದ ಲೆಕ್ಕ ಹಾಕಿ, ಮರಿ ಬೆನ್ನೇರಿರುವ ತಿಂಗಳುಗಳಲ್ಲಿ ಕೆಲಸ ಮುಂದೂಡಿ, ಇಲ್ಲವೇ ಹಗಲಲ್ಲಿ ಒಳಹೊಕ್ಕು ನೋಡಿಯೇ ಮುಚ್ಚಿ.

ನುಸಿಗುಳಿಗೆ, ಬೆಳ್ಳುಳ್ಳಿ ನೀರು, ಖಾರದ ಪುಡಿ – ಇವು ಪಾಸಮ್ಮಿಗಿಂತ ಮನೆಯವರನ್ನೇ ಹೆಚ್ಚು ಕಾಡುತ್ತವೆ. ಹೊರಹಾಕಿದ ಮೇಲೆ ಅಟ್ಟದ ಮೂತ್ರದ ಕಲೆಯನ್ನು ತೊಳೆಯುವುದು ಇವೆಲ್ಲಕ್ಕಿಂತ ಉಪಯೋಗ. ಎದೆ, ಗಲ್ಲ, ಬಾಲದ ಬುಡದ ಗ್ರಂಥಿಗಳಿಂದ ಉಜ್ಜಿದ ವಾಸನೆಯೇ ಪಾಸಮ್‌ಗಳ ವಿಳಾಸಫಲಕ. ಹಿಕ್ಕೆ ಗುಡಿಸುವಾಗ ಕೈಗವಸು, ಮುಖಗವಸು ಹಾಕಿಕೊಳ್ಳಿ.

ಹಣ್ಣಿನ ಗಿಡ, ಒಂಟಿ ಮರ

ಹೊಲದ ನಡುವೆ ಒಂಟಿಯಾಗಿ ಉಳಿದ ನೀಲಗಿರಿ ಮರ ಆಸ್ಟ್ರೇಲಿಯಾದಲ್ಲೂ ಪಾಸಮ್ಮಿನಿಂದ ಸಾಯಬಲ್ಲದು. ಸುತ್ತ ಬೇರೆ ಮರ ಇಲ್ಲದಿದ್ದರೆ ಮೇವು ಹಂಚಿಹೋಗುವ ದಾರಿಯೇ ಇಲ್ಲವಲ್ಲ. ಇಂಥ ಮರಕ್ಕೆ ನುಣುಪಾದ ತಗಡು ಅಥವಾ ಪ್ಲಾಸ್ಟಿಕ್ ಪಟ್ಟಿ ಸುತ್ತಿ: 60 ಸೆಂಟಿಮೀಟರ್ ಅಗಲ, ನೆಲದಿಂದ ಕನಿಷ್ಠ 60 ಸೆಂಟಿಮೀಟರ್ ಮೇಲೆ. ಸುತ್ತಲೂ ಮೊಳೆ ಹೊಡೆದು ಬಿಗಿಯಬೇಡಿ, ಕಾಂಡ ದಪ್ಪವಾದಂತೆ ಪಟ್ಟಿ ಕಚ್ಚಿ ಮರವೇ ಒಣಗುತ್ತದೆ. ಎರಡು ತುದಿಗಳನ್ನು ಸ್ಪ್ರಿಂಗಿನಿಂದ ಜೋಡಿಸಿ, ವರ್ಷಕ್ಕೊಮ್ಮೆ ಸಡಿಲಿಸಿ. ಪಕ್ಕದ ಮರ, ತಂತಿ, ಬೇಲಿಯಿಂದ ಹಾರುವ ದಾರಿ ಇದ್ದರೆ ಪಟ್ಟಿ ವ್ಯರ್ಥ, ಮೊದಲು ಆ ಕೊಂಬೆಗಳನ್ನು ಒಂದೂವರೆ ಎರಡು ಮೀಟರ್ ಹಿಂದಕ್ಕೆ ಸವರಿ. ಪೊಟರೆಯಿರುವ ಮರಕ್ಕೆ ಪಟ್ಟಿ ಸುತ್ತಲೇಬೇಡಿ. ಮೇಲೆ ಪ್ರಾಣಿ ಇರುವಾಗಲೂ ಬೇಡ, ಇಳಿಯಲಾಗದೆ ಸಿಕ್ಕಿಬೀಳುತ್ತದೆ.

ಹಣ್ಣಿನ ಗಿಡಕ್ಕೆ ಬಲೆ ಹಾಕುವುದಾದರೆ ಕಿರುಬೆರಳು ತೂರದಷ್ಟು ಹೆಣಿಗೆ ಇರಬೇಕು. ವಿಕ್ಟೋರಿಯಾದಲ್ಲಿ 2021ರ ಸೆಪ್ಟೆಂಬರ್‌ನಿಂದ ಮನೆಯ ಹಣ್ಣಿನ ಗಿಡದ ಬಲೆಯ ಕಣ್ಣು, ಪೂರ್ತಿ ಎಳೆದಾಗಲೂ, 5×5 ಮಿಲಿಮೀಟರ್ ಮೀರುವಂತಿಲ್ಲ. ಬೇಲಿ ಹಾಕುವುದಾದರೆ ಜಾಲರಿಯ ಮೇಲಿನ 60 ಸೆಂಟಿಮೀಟರಿನಷ್ಟನ್ನು ಕಂಬಕ್ಕೆ ಕಟ್ಟದೆ ಹೊರಕ್ಕೆ ಜೋಲುಬಿಡಿ. ಹತ್ತಿದ ಪಾಸಮ್ಮಿನ ಭಾರಕ್ಕೆ ಅದು ಬಾಗುತ್ತದೆ, ಹಿಡಿತ ಸಿಗದೆ ವಾಪಸ್ ಇಳಿಯುತ್ತದೆ.

ಅಂಗಳಕ್ಕೆ ಬರುವ ಪಾಸಮ್ಮಿಗೆ ಬ್ರೆಡ್ಡು ಹಾಕುವವರಿದ್ದಾರೆ. ಹಲ್ಲು, ದವಡೆ ಕೊಳೆಯುವ ರೋಗಕ್ಕೆ ಅದು ನೇರ ದಾರಿ.

ಇನ್ನೊಂದು ಮಾತೂ ಇಲ್ಲೇ ಹೇಳಬೇಕು. ಪಾಸಮ್ ಎಂದರೆ ಕಾಟ ಎನ್ನುವವರು ಅದರ ಬಳಗವನ್ನು ನೋಡಿಲ್ಲ. ವಿಕ್ಟೋರಿಯಾದ ಲೆಡ್‌ಬೀಟರ್ ಪಾಸಮ್ ಅಳಿದೇಹೋಯಿತು ಎಂದುಕೊಂಡಿದ್ದಾಗ 1961ರಲ್ಲಿ ಮತ್ತೆ ಕಂಡಿತು, ಇಂದಿಗೂ ಅಳಿವಿನ ಅಂಚಿನಲ್ಲಿದೆ. ಬೆಟ್ಟದ ಪಿಗ್ಮಿ ಪಾಸಮ್ಮನ್ನು ಪಳೆಯುಳಿಕೆಯಲ್ಲಷ್ಟೇ ಕಂಡಿದ್ದರು, 1966ರಲ್ಲಿ ಒಂದು ಸ್ಕೀ ತಂಗುದಾಣದಲ್ಲಿ ಜೀವಂತ ಸಿಕ್ಕಿತು. ವಲಸೆ ಬರುವ ಬೊಗಾಂಗ್ ಪತಂಗ ಅದರ ಮುಖ್ಯ ಮೇವುಗಳಲ್ಲೊಂದು. ಪತಂಗ ಬಾರದ ವರ್ಷ ಅದರ ಮರಿಗಳು ಚೀಲದಲ್ಲೇ ಸಾಯುತ್ತವೆ. ಬ್ರಷ್‌ಟೇಲ್ ಕೂಡ ನಗರಗಳಲ್ಲಿ ಹೇರಳ, ಮಧ್ಯ ಆಸ್ಟ್ರೇಲಿಯಾದಲ್ಲಿ ಅಪರೂಪ.

ನ್ಯೂಜಿಲೆಂಡಿನಲ್ಲಿ: ಸಂಖ್ಯೆ ತಗ್ಗಿಸುವುದು

ಇಲ್ಲಿ ಪಾಸಮ್ ತಿನ್ನುವುದು ಎಲೆಯನ್ನಷ್ಟೇ ಅಲ್ಲ ಎಂಬುದು ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. 1990ರ ದಶಕದ ಆರಂಭದಲ್ಲಿ ಕೊಕಾಕೊ ಹಕ್ಕಿಯ ಗೂಡುಗಳ ಮುಂದೆ ಇಟ್ಟ ಕ್ಯಾಮೆರಾಗಳು ಪಾಸಮ್ ಮೊಟ್ಟೆ, ಮರಿ ತಿನ್ನುವುದನ್ನು ಸೆರೆಹಿಡಿದವು. ಜೊತೆಗೆ ಅದು ದನಗಳ ಕ್ಷಯರೋಗವನ್ನು ಹರಡುತ್ತದೆ. ರೋಗ ಉಲ್ಬಣಿಸಿದ ಪಾಸಮ್ ಹಗಲಲ್ಲೇ ಹುಲ್ಲುಗಾವಲಿನಲ್ಲಿ ತೂರಾಡುತ್ತದೆ, ದನಗಳು ಕುತೂಹಲದಿಂದ ಬಂದು ಮೂಸಿ ನೆಕ್ಕಿ ರೋಗ ಹತ್ತಿಸಿಕೊಳ್ಳುತ್ತವೆ. 1990ರ ದಶಕದ ಮಧ್ಯದಲ್ಲಿ ಸುಮಾರು 1,700 ಹಿಂಡುಗಳಿಗೆ ಸೋಂಕಿತ್ತು. ಪಾಸಮ್ ನಿಯಂತ್ರಣ ಮತ್ತು ದನಗಳ ತಪಾಸಣೆ ಸೇರಿ ಅದನ್ನು ಕೆಲವೇ ಹತ್ತುಗಳಿಗೆ ಇಳಿಸಿವೆ.

ಮನೆ, ತೋಟದ ಮಟ್ಟಕ್ಕೆ ಕೊಲ್ಲುವ ಉರುಲು ಸಾಕು. ಟಿಮ್ಸ್ ಎಂಬ ಹಳದಿ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ನೆಲಕ್ಕೆ ಗೂಟ ಹೊಡೆದು ನಿಲ್ಲಿಸುತ್ತಾರೆ. ಟ್ರ್ಯಾಪಿನೇಟರ್ ಥರದ್ದನ್ನು ಮರಕ್ಕೆ ಬಿಗಿಯುತ್ತಾರೆ. ಉಗುರುದಾರಿ ಬಿದ್ದ ಮರದ ಬುಡ, ಕಾಡು ಮತ್ತು ಹುಲ್ಲುಗಾವಲು ಸೇರುವ ಅಂಚು, ಏಣು ಇಳಿದು ಬರುವ ಕಡೆ – ಇವು ಒಳ್ಳೆಯ ಜಾಗ. ಒಳಗೆ ಸೇಬಿನ ತುಂಡು, ಅದರ ಮೇಲೆ ಚಕ್ಕೆ ಪುಡಿ. ಹೊರಗೆ ಐದು ಪಾಲು ಮೈದಾಕ್ಕೆ ಒಂದು ಪಾಲು ಪುಡಿಸಕ್ಕರೆ ಬೆರೆಸಿ, ಉರುಲಿನಿಂದ ಕಾಂಡದ ಮೇಲಕ್ಕೆ ಬಿಳಿ ಪಟ್ಟೆ ಎಳೆಯಿರಿ. ಕತ್ತಲಲ್ಲಿ ಬಿಳುಪು ಕಣ್ಣಿಗೆ, ವಾಸನೆ ಮೂಗಿಗೆ. ಮಾಂಸ, ಮೀನು ಬೇಡ, ಬೆಕ್ಕು ತಲೆ ಹಾಕುತ್ತದೆ.

ಹೊಸ ಉರುಲನ್ನು ತಂದ ದಿನವೇ ಬಿಗಿಯುವುದು ಆತುರಗಾರರ ಕೆಲಸ. ಮೂರು ನಾಲ್ಕು ರಾತ್ರಿ ಬಿಗಿಯದೆ ಮೇವಿಡಿ, ಮೇವು ಖಾಲಿಯಾಗತೊಡಗಿದ ಮೇಲೆ ಬಿಗಿಯಿರಿ. ಒಮ್ಮೆ ಪೆಟ್ಟು ತಪ್ಪಿಸಿಕೊಂಡ ಪಾಸಮ್ ಆ ಉರುಲಿನ ಹತ್ತಿರ ಸುಳಿಯುವುದಿಲ್ಲ. ವಿಷದ್ದೂ ಇದೇ ಕಥೆ: ಸಾಯುವಷ್ಟು ತಿನ್ನದೆ ಬದುಕಿದ್ದು ಆಮೇಲೆ ಆ ರುಚಿಯನ್ನೇ ಮುಟ್ಟುವುದಿಲ್ಲ. 1080 ಎಂಬ ಹೆಸರಿನ ವಿಷ ಹಾಕುವ ಮುಂಚೆ ವಿಷವಿಲ್ಲದ ಮೇವನ್ನು ಹರಡುವುದು ಇದಕ್ಕೇ. 1080, ಸಯನೈಡ್ ತರಬೇತಿ, ಪರವಾನಗಿ ಇದ್ದವರ ಕೆಲಸ. 1080ರಿಂದ ಸತ್ತ ಪಾಸಮ್ಮಿನ ಹೆಣ ತಿಂದರೆ ನಾಯಿ ಬದುಕುವುದಿಲ್ಲ, ಹಾಕಿದ ಸೂಚನಾಫಲಕ ಇರುವವರೆಗೂ ನಾಯಿಯನ್ನು ಆ ಕಡೆ ಒಯ್ಯಬೇಡಿ.

ಜೀವಂತ ಹಿಡಿಯುವ ಬೋನು, ಕಾಲುರುಲು ಇಟ್ಟರೆ ದಿನವೂ ಸೂರ್ಯೋದಯವಾದ 12 ಗಂಟೆಯೊಳಗೆ ನೋಡಲೇಬೇಕು ಎಂಬುದು ಅಲ್ಲಿನ ಕಾನೂನು. ಬೆಳಗ್ಗೆಯೇ ಹೋಗುವುದು ಮರ್ಯಾದೆ. ಕಿವಿ, ವೆಕಾ ಎಂಬ ಹಾರಲಾರದ ಹಕ್ಕಿಗಳಿರುವ ಕಾಡಿನಲ್ಲಿ ಕಾಲುರುಲನ್ನು ನೆಲದಲ್ಲಿ ಇಡಬಾರದು, ನೆಲದಿಂದ 70 ಸೆಂಟಿಮೀಟರ್ ಮೇಲಕ್ಕೆ ಮರಕ್ಕೆ ಒರಗಿಸಿದ ಹಲಗೆಯ ಮೇಲೆ ಕೂರಿಸಿ. ಸತ್ತದ್ದು ಹೆಣ್ಣಾದರೆ ಚೀಲದೊಳಗೆ ಕೈಗವಸಿನ ಕೈ ಹಾಕಿ ನೋಡಿ. ಮರಿಯಿದ್ದರೆ ಅದನ್ನೂ ತಕ್ಷಣ, ನೋವಾಗದಂತೆ ಮುಗಿಸಬೇಕು. ಹಾಗೇ ಬಿಟ್ಟರೆ ಚಳಿಯಲ್ಲಿ ಗಂಟೆಗಟ್ಟಲೆ ಒದ್ದಾಡಿ ಸಾಯುತ್ತದೆ. ತುಪ್ಪಳ ಬೇಕಿದ್ದರೆ ಮೈ ಬಿಸಿಯಿರುವಾಗಲೇ ಕೀಳಿ, ತಣ್ಣಗಾದ ಮೇಲೆ ಸುಲಭಕ್ಕೆ ಬರುವುದಿಲ್ಲ. ಮೆರಿನೋ ಉಣ್ಣೆಯೊಂದಿಗೆ ಬೆರೆಸಿ ನೇಯುವುದು ಇದನ್ನೇ.

ಚಳಿಗಾಲದಲ್ಲಿ ಮೇವು ಕಡಿಮೆ, ಆಗ ಉರುಲಿಗೆ ಬೀಳುವುದು ಹೆಚ್ಚು. ಮಳೆಯ ರಾತ್ರಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಓಡಾಟವೇ ಇರುವುದಿಲ್ಲ. ವೃತ್ತಿಪರರು ಉಳಿದ ಸಂಖ್ಯೆಯನ್ನು ಅಳೆಯುವಾಗ 20 ಮೀಟರಿಗೊಂದರಂತೆ ಹತ್ತು ಉರುಲಿನ ಸಾಲುಗಳನ್ನು ಮಳೆಯಿಲ್ಲದ ಮೂರು ರಾತ್ರಿ ಇಡುತ್ತಾರೆ, ನೂರು ಉರುಲು-ರಾತ್ರಿಗೆ ಎಷ್ಟು ಬಿದ್ದವು ಎಂಬುದೇ ಅಳತೆ.

ಸಂಖ್ಯೆ ಇಳಿದ ಮೇಲೆ ಎರಡು ಕಡೆಯಿಂದ ಕೆಲಸ ಹಾಳಾಗುತ್ತದೆ. ಒಂದು, ಅಂಚಿನಿಂದ ಮರುಪ್ರವೇಶ: ಪ್ರಾಯಕ್ಕೆ ಬಂದ ಗಂಡುಗಳು ಕಿಲೋಮೀಟರುಗಟ್ಟಲೆ ನಡೆದು ಖಾಲಿ ಜಾಗ ಸೇರುತ್ತವೆ. ದ್ವೀಪಗಳಲ್ಲಿ ಈ ಕಾಟವಿಲ್ಲ, ಕಾಪಿಟಿ ದ್ವೀಪದಲ್ಲಿ 1986ರ ಹೊತ್ತಿಗೆ ಪಾಸಮ್ಮನ್ನು ಪೂರ್ತಿ ಇಲ್ಲವಾಗಿಸಿದ್ದು ಹಾಗೇ ಉಳಿದಿದೆ. ಮುಖ್ಯ ನೆಲದಲ್ಲಿ ಉರುಲುಗಳ ಅಂಚುಸಾಲನ್ನು ವರ್ಷವಿಡೀ ಇಟ್ಟಿರಬೇಕು. ಎರಡನೆಯದು ಇಲಿ. ಪಾಸಮ್ ತಿನ್ನುತ್ತಿದ್ದ ಹಣ್ಣು, ಬೀಜ ಈಗ ಇಲಿಗೆ ಉಳಿಯುತ್ತದೆ, ಇಲಿ ಹೆಚ್ಚುತ್ತದೆ, ಮರ ಚಿಗುರಿದರೂ ಹಕ್ಕಿಯ ಗೂಡು ಖಾಲಿಯಾಗುತ್ತಲೇ ಇರುತ್ತದೆ. ಆದ್ದರಿಂದ ಪಾಸಮ್ ಉರುಲಿನ ಜೊತೆಗೇ ಇಲಿಯ ಉರುಲುಗಳನ್ನೂ, ಸ್ಟೋಟ್ ಎಂಬ ಮುಂಗುಸಿಯಂಥ ಬೇಟೆಪ್ರಾಣಿಯ ಉರುಲುಗಳನ್ನೂ ಇಡಿ. ಆರು ತಿಂಗಳಿಗೊಮ್ಮೆ ಅದೇ ಸಾಲಿನಲ್ಲಿ ಅಗಿಯುವ ಕಾರ್ಡು ಕಟ್ಟಿ, ಕಿರಿದಾದ ಜೋಡಿ ಗೀರು ಎಷ್ಟು ಕಾರ್ಡಿನಲ್ಲಿ, ಅಗಲ ಹಲ್ಲು ಎಷ್ಟರಲ್ಲಿ ಎಂದು ಬೇರೆ ಬೇರೆ ಎಣಿಸಿ ಬರೆದಿಡಿ.